ಹೊಟ್ಟೆಯೊಳಗೊಂದು ಔಷಧದ ಪಂಪು: ಹಾಕುವವರು ಸಿಗ್ತಾರೆ, ತುಂಬುವವರು?

"ಚರ್ಮದ ಕೆಳಗೆ ಒಂದು ಪಂಪು ಕೂರಿಸಿದರೆ ಸಾಕು, ಇನ್ನು ಗುಳಿಗೆಯೂ ಬೇಡ, ಸೂಜಿಯೂ ಬೇಡ" ಅನ್ನೋ ಥರದ ವಿಡಿಯೊಗಳು ಮೊಬೈಲಿನಲ್ಲಿ ಓಡಾಡುತ್ತಲೇ ಇರುತ್ತವೆ. ಇತ್ತೀಚಿನ ಸುದ್ದಿಗಳನ್ನು ಅದರ ಪಕ್ಕ ಇಟ್ಟು ನೋಡಿದರೆ ತಲೆ ಇನ್ನಷ್ಟು ಕೆಡುತ್ತದೆ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಜ್ಞರ ಸಮಿತಿ ಸಕ್ಕರೆ ಕಾಯಿಲೆಯ ಒಂದು ಪುಟ್ಟ ಪಂಪಿಗೆ 19–0 ಮತಗಳಿಂದ ಬೇಡ ಎಂದಿತು. 2024ರ ಅಕ್ಟೋಬರಿನಲ್ಲಿ ಅದೇ ಎಫ್‌ಡಿಎ ಪಾರ್ಕಿನ್ಸನ್ ಕಾಯಿಲೆಗೆ ಪಂಪಿನಲ್ಲಿ ಕೊಡುವ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಮೆಡ್‌ಟ್ರಾನಿಕ್ ಕಂಪನಿ ಇನ್ಸುಲಿನ್ ಪಂಪು ಮಾಡುವ ತನ್ನ ಮಧುಮೇಹ ವಿಭಾಗವನ್ನು ಬೇರೆ ಮಾಡುವುದಾಗಿ ಹೇಳಿತು.

ಹಾಗಾದರೆ ಪಂಪು ಒಳ್ಳೆಯದಾ, ಕೆಟ್ಟದ್ದಾ? ಒಂದೇ ಮಾತಲ್ಲಿ ಉತ್ತರ ಹೇಳೋಕೆ ಆಗಲ್ಲ. ಯಾಕೆಂದರೆ ಈ ಮೂರು ಸುದ್ದಿಯೂ ಒಂದೇ ವಸ್ತುವಿನ ಬಗ್ಗೆ ಅಲ್ಲ. ಇನ್ನೊಂದು ವಿಷಯ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ನಿಜವಾಗಿ ಬೇಕಾದ ಪ್ರಶ್ನೆ, ಅಂದರೆ ಹಾಕಿದ ಪಂಪಿಗೆ ಮತ್ತೆ ಮತ್ತೆ ಔಷಧ ತುಂಬುವವರು ಯಾರು ಅನ್ನುವುದು, ಈ ಸುದ್ದಿಗಳಲ್ಲಿ ಎಲ್ಲೂ ಬರುವುದೇ ಇಲ್ಲ.

ಹೆಸರು ಒಂದೇ, ವಸ್ತು ಮೂರು

ಮೊದಲನೆಯದು ಮೈ ಹೊರಗೆ ಕಟ್ಟಿಕೊಳ್ಳುವ ಪಂಪು. ಬೆಲ್ಟಿಗೆ ಸಿಕ್ಕಿಸಿಕೊಳ್ಳುವ ಇನ್ಸುಲಿನ್ ಪಂಪು ಈ ಜಾತಿಯದು. ಪಾರ್ಕಿನ್ಸನ್ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದೂ ಇಂಥದ್ದರಲ್ಲೇ. ಯಂತ್ರ ಹೊರಗಿರುತ್ತದೆ, ಸಣ್ಣ ನಳಿಕೆ ಮಾತ್ರ ಚರ್ಮದ ಕೆಳಗೆ. ಬೇಡವೆಂದರೆ ಬಿಚ್ಚಿ ಪಕ್ಕಕ್ಕಿಡಬಹುದು.

ಎರಡನೆಯದು ಬೆಂಕಿಕಡ್ಡಿಯಷ್ಟು ಉದ್ದದ ಲೋಹದ ಕಡ್ಡಿ. ಬ್ಯಾಟರಿ ಇಲ್ಲ. ಒಂದು ತುದಿಯಲ್ಲಿ ಉಪ್ಪಿನಂಥ ಪುಡಿ ಇರುತ್ತದೆ. ಅದು ಮೈಯೊಳಗಿನ ನೀರು ಹೀರಿ ಉಬ್ಬಿ, ಮುಂದಿನ ಔಷಧವನ್ನು ನಿಧಾನವಾಗಿ ತಳ್ಳುತ್ತದೆ. 19–0ರಲ್ಲಿ ಬಿದ್ದದ್ದು ಇದು, ಇಂಟಾರ್ಸಿಯಾ ಕಂಪನಿಯ ಐಟಿಸಿಎ 650. ಮೂರು ತಿಂಗಳು, ಆರು ತಿಂಗಳು ಅಂತ ಸಕ್ಕರೆ ಇಳಿಸುವ ಎಕ್ಸೆನಟೈಡ್ ಔಷಧ ಬಿಡಬೇಕಿತ್ತು. ಆದರೆ ದಿನದಿಂದ ದಿನಕ್ಕೆ ಬಿಡುವ ಪ್ರಮಾಣ ಒಂದೇ ಸಮ ಇಲ್ಲ, ಕಿಡ್ನಿಗೆ ದಿಢೀರ್ ಪೆಟ್ಟು ಬೀಳುವ ಭಯವಿದೆ, ಹೃದಯದ ಬಗ್ಗೆಯೂ ಅನುಮಾನ ಇದೆ ಅನ್ನುವುದು ಆಕ್ಷೇಪವಾಗಿತ್ತು. ಒಳಗೆ ಇಟ್ಟ ಮೇಲೆ ಕಡಿಮೆ ಜಾಸ್ತಿ ಮಾಡೋಕೆ ಅದಕ್ಕೆ ನಲ್ಲಿ ಇಲ್ಲ. ತೆಗೆಯಬೇಕು ಅಂದರೆ ಮತ್ತೆ ಚರ್ಮ ಕೊಯ್ಯಬೇಕು.

ಮೂರನೆಯದು ಪೂರ್ತಿ ಒಳಗೇ ಇದ್ದು, ವರ್ಷಗಟ್ಟಲೆ ಕೆಲಸ ಮಾಡುವ, ಮತ್ತೆ ಮತ್ತೆ ಔಷಧ ತುಂಬುವ ಪಂಪು. ಈ ಲೇಖನ ಅದರ ಬಗ್ಗೆ. ಸಕ್ಕರೆ ಕಾಯಿಲೆಗೆ ಅಂತ ಆಸೆ ಇಟ್ಟುಕೊಂಡವರಿಗೆ ಮೊದಲೇ ಹೇಳಿಬಿಡುತ್ತೇನೆ: ಇವತ್ತು ಈ ಪಂಪಿನ ಮುಖ್ಯ ಕೆಲಸ ಸಕ್ಕರೆ ಕಾಯಿಲೆಯದಲ್ಲ. ವಿಪರೀತ ನೋವು ಮತ್ತು ಕೈಕಾಲು ಸೆಟೆದುಕೊಳ್ಳುವ ತೊಂದರೆ, ಈ ಎರಡರದ್ದು.

ಹೊಲದ ಡ್ರಿಪ್ಪಿನ ಲೆಕ್ಕವೇ ಇಲ್ಲೂ

ದ್ರಾಕ್ಷಿ ತೋಟ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲಕ್ಕೆಲ್ಲ ನೀರು ಹಾಯಿಸಿದರೆ ಬೇರಿಗೆ ಸಿಗುವುದು ಸ್ವಲ್ಪ, ಉಳಿದದ್ದು ಕಳೆಗೆ ಮತ್ತು ಬಿಸಿಲಿಗೆ. ಡ್ರಿಪ್ ಹಾಕಿದರೆ ಅದೇ ನೀರು ಬುಡಕ್ಕೇ ಬೀಳುತ್ತದೆ. ಗುಳಿಗೆ ನುಂಗುವುದು ಮೊದಲನೆಯ ಥರ. ಅದು ಹೊಟ್ಟೆಗೆ ಹೋಗಿ, ರಕ್ತದಲ್ಲಿ ಇಡೀ ಮೈ ಸುತ್ತಿ, ಮಿದುಳು ಮತ್ತು ಬೆನ್ನುಹುರಿಯನ್ನು ಕಾಯುವ ತಡೆಗೋಡೆ ದಾಟಿ ಒಂದಿಷ್ಟು ಮಾತ್ರ ಸೇರಬೇಕಾದ ಜಾಗ ಸೇರುತ್ತದೆ. ಪಂಪು ಔಷಧವನ್ನು ನೇರವಾಗಿ ಬೆನ್ನುಹುರಿಯ ಸುತ್ತ ಇರುವ ನೀರಿಗೇ ಬಿಡುತ್ತದೆ.

ಇದರಿಂದ ಪ್ರಮಾಣ ಎಷ್ಟು ಇಳಿಯುತ್ತದೆ ಅಂದರೆ, ನೋವು ಇಳಿಸೋಕೆ ಬಾಯಲ್ಲಿ ತೆಗೆದುಕೊಳ್ಳುವ 300 ಮಿಲಿಗ್ರಾಂ ಮಾರ್ಫಿನ್‌ಗೆ ಬೆನ್ನುಹುರಿಯ ಬಳಿ ಸುಮಾರು 1 ಮಿಲಿಗ್ರಾಂ ಸಮ ಅಂತ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಸ್ನಾಯು ಸಡಿಲಿಸುವ ಬ್ಯಾಕ್ಲೊಫೆನ್ ಕಥೆಯೂ ಅದೇ. ಬಾಯಿಗೆ ಮಿಲಿಗ್ರಾಂ ಲೆಕ್ಕ, ಪಂಪಿಗೆ ಮೈಕ್ರೋಗ್ರಾಂ ಲೆಕ್ಕ. ಪ್ರಮಾಣ ಕಡಿಮೆಯಾದಾಗ ಮಂಪರು, ಮಲಬದ್ಧತೆ, ವಾಂತಿ ಕೂಡ ಕಡಿಮೆಯಾಗುತ್ತವೆ. ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವ ತೊಂದರೆ ಇರುವ ಮಗುವಿಗೆ ಗುಳಿಗೆ ಹೆಚ್ಚಿಸಿದರೆ ಅದು ದಿನವಿಡೀ ತೂಕಡಿಸುತ್ತದೆ, ಇಳಿಸಿದರೆ ಕಾಲು ಕತ್ತರಿ ಹಾಕಿಕೊಂಡು ಬಟ್ಟೆ ಬದಲಿಸೋಕೂ ಆಗಲ್ಲ. ಇಂಥ ಮಕ್ಕಳ ತಾಯಂದಿರು ಈ ಎರಡರ ನಡುವೆ ಒದ್ದಾಡುತ್ತಾರೆ. ಅಂಥ ಮನೆಗೆ ಪಂಪು ನಿಜಕ್ಕೂ ದೊಡ್ಡ ಆಸರೆ ಆಗಬಲ್ಲದು.

ಶೂ ಪಾಲಿಶ್ ಡಬ್ಬಿಯಷ್ಟು ದೊಡ್ಡದು

ಹೆಚ್ಚು ಬಳಕೆಯಲ್ಲಿರುವುದು ಮೆಡ್‌ಟ್ರಾನಿಕ್‌ನ ಸಿಂಕ್ರೊಮೆಡ್ 2. ಅದನ್ನು ಕೈಯಲ್ಲಿ ಹಿಡಿದರೆ ಶೂ ಪಾಲಿಶ್ ಡಬ್ಬಿ ಹಿಡಿದಂತಿರುತ್ತದೆ. ಅಡ್ಡಳತೆ ಸುಮಾರು ಒಂಬತ್ತು ಸೆಂಟಿಮೀಟರ್, ದಪ್ಪ ಎರಡರಿಂದ ಎರಡೂವರೆ, ಹೊರಕವಚ ಟೈಟಾನಿಯಂ. ಒಳಗೆ 20 ಅಥವಾ 40 ಮಿ.ಲೀ. ಔಷಧ ಹಿಡಿಯುವ ತೊಟ್ಟಿ, ಒಂದು ಬ್ಯಾಟರಿ, ಒಂದು ಪುಟ್ಟ ಮೋಟರ್. ಮೋಟರಿಗೆ ರೋಲರುಗಳಿರುತ್ತವೆ. ಕಬ್ಬಿನ ಹಾಲಿನ ಗಾಡಿಯಲ್ಲಿ ರೋಲರ್ ನಡುವೆ ಕಬ್ಬು ಹಿಂಡುವಂತೆ, ಇಲ್ಲಿ ರೋಲರುಗಳು ಮೆತ್ತನೆಯ ನಳಿಕೆಯನ್ನು ಒತ್ತುತ್ತಾ ಒತ್ತುತ್ತಾ ಔಷಧವನ್ನು ಮುಂದಕ್ಕೆ ತಳ್ಳುತ್ತವೆ. ಹೊಟ್ಟೆಯ ಚರ್ಮದ ಕೆಳಗೆ ಜೇಬಿನಂತೆ ಜಾಗ ಮಾಡಿ ಡಬ್ಬಿ ಇಡುತ್ತಾರೆ. ಅಲ್ಲಿಂದ ತೆಳು ನಳಿಕೆ ಪಕ್ಕೆ ಸುತ್ತಿ ಬೆನ್ನಿಗೆ ಹೋಗುತ್ತದೆ. ಗಂಟೆ ಗಂಟೆಗೆ ಎಷ್ಟು ಬಿಡಬೇಕು ಅನ್ನುವುದನ್ನು ಹೊರಗಿನಿಂದ ಪ್ರೋಗ್ರಾಮರ್ ಅನ್ನುವ ಯಂತ್ರ ಹಿಡಿದು ಹೊಂದಿಸುತ್ತಾರೆ.

ಮೊದಲಿನ ಪಂಪುಗಳಿಗೆ ಬ್ಯಾಟರಿಯೇ ಇರಲಿಲ್ಲ. ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಹೆನ್ರಿ ಬುಕ್‌ವಾಲ್ಡ್, ಪೆರಿ ಬ್ಲ್ಯಾಕ್‌ಶಿಯರ್ ಮತ್ತವರ ಜೊತೆಗಾರರು ಮಾಡಿದ ಇನ್ಫ್ಯೂಸೇಡ್ ಪಂಪಿನಲ್ಲಿ ಔಷಧದ ಕೋಣೆಯ ಪಕ್ಕ ಸುಲಭವಾಗಿ ಆವಿಯಾಗುವ ದ್ರವ ಇರುತ್ತಿತ್ತು. ಮೈಯ ಬಿಸಿಗೆ ಅದು ಆವಿಯಾಗಿ ಔಷಧವನ್ನು ತಳ್ಳುತ್ತಿತ್ತು. ಔಷಧ ತುಂಬಿದಾಗ ಆ ಒತ್ತಡಕ್ಕೆ ಆವಿ ಮತ್ತೆ ದ್ರವವಾಗಿ, ಪಂಪು ತಾನೇ ಚಾರ್ಜ್ ಆಗುತ್ತಿತ್ತು. ಎಂಥ ತಲೆ ನೋಡಿ! ತೊಂದರೆ ಏನೆಂದರೆ ಜ್ವರ ಬಂದರೆ ಹರಿವು ಹೆಚ್ಚುತ್ತಿತ್ತು, ಬೇಕೆಂದಾಗ ಹೆಚ್ಚು ಕಡಿಮೆ ಮಾಡೋಕೂ ಆಗುತ್ತಿರಲಿಲ್ಲ.

ಇಪ್ಪತ್ತೆಂಟು ಸಲ

ವಿಡಿಯೊಗಳು ಬಿಟ್ಟುಬಿಡುವ ಭಾಗ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

20 ಮಿ.ಲೀ. ತೊಟ್ಟಿ ಇದೆ, ದಿನಕ್ಕೆ 0.2 ಮಿ.ಲೀ. ಹೋಗುತ್ತದೆ ಅಂತಿಟ್ಟುಕೊಳ್ಳಿ. ಕೊನೆಯ 2 ಮಿ.ಲೀ. ಉಳಿದಾಗ ಪಂಪು ಬೀಪ್ ಅನ್ನೋಕೆ ಶುರು ಮಾಡುತ್ತದೆ ಅಂದರೆ, ಬಳಸೋಕೆ ಸಿಗುವುದು 18. ಹದಿನೆಂಟನ್ನು 0.2ರಿಂದ ಭಾಗಿಸಿದರೆ 90 ದಿನ. ಮೂರು ತಿಂಗಳಿಗೊಮ್ಮೆ ತುಂಬಿಸಲೇಬೇಕು. ತೊಟ್ಟಿ ದೊಡ್ಡದಿದ್ದು ಪ್ರಮಾಣ ಕಡಿಮೆ ಇದ್ದರೆ ಆರು ತಿಂಗಳು ಬರಬಹುದು. ಅದಕ್ಕಿಂತ ಜಾಸ್ತಿ ಎಳೆಯುವಂತಿಲ್ಲ, ಬ್ಯಾಕ್ಲೊಫೆನ್ ಪಂಪಿನೊಳಗೆ ಕೆಡದೆ ಇರುವುದಕ್ಕೂ 180 ದಿನದ ಮಿತಿ ಇದೆ.

ಬ್ಯಾಟರಿ ಸುಮಾರು ಐದರಿಂದ ಏಳು ವರ್ಷ ಬರುತ್ತದೆ. ಏಳು ವರ್ಷ, ವರ್ಷಕ್ಕೆ ನಾಲ್ಕು ಸಲ, ಒಟ್ಟು 28 ಸಲ. ವಿಜಯಪುರದಿಂದ ಬೆಂಗಳೂರಿಗೆ ಹೋಗಿ ಬರೋಕೆ ಸಾವಿರ ಕಿಲೋಮೀಟರಿಗೆ ಕಡಿಮೆ ಇಲ್ಲ. ಅಂದರೆ ಒಂದು ಪಂಪಿನ ಆಯುಷ್ಯದಲ್ಲಿ 28 ಸಾವಿರ ಕಿಲೋಮೀಟರ್! ಅದೂ ಕಾಲು ಸೆಟೆದುಕೊಂಡಿರುವ ಮಗುವನ್ನು, ಅಥವಾ ಬೆನ್ನು ಮುಟ್ಟಿದರೆ ಚೀರುವ ಹಿರಿಯರನ್ನು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಮಲಗಿಸಿಕೊಂಡು. ಜೊತೆಗೆ ಹೋಗುವವರ ಕೂಲಿ, ಲಾಡ್ಜ್, ಊಟ. ಅದಾದ ಮೇಲೆ ಬ್ಯಾಟರಿ ಮುಗಿದ ಪಂಪು ತೆಗೆದು ಹೊಸದು ಹಾಕೋಕೆ ಮತ್ತೊಂದು ಆಪರೇಷನ್. ಆಪರೇಷನ್ನಿನ ಖರ್ಚು ಕೇಳಿ ಸಾಲಕ್ಕೆ ಓಡಾಡುವ ಮನೆಯವರು ಈ 28ರ ಲೆಕ್ಕ ಹಾಕುವುದೇ ಇಲ್ಲ. ಹಾಕಿ ಅಂತ ಹೇಳುವವರೂ ಕಡಿಮೆ.

ತುಂಬುವ ಕೆಲಸ ಅರ್ಧ ಗಂಟೆಯದು. ಆದರೆ ಎಲ್ಲರ ಕೈಯ ಕೆಲಸವಲ್ಲ. ಪಂಪಿನ ನಡುವೆ ರಬ್ಬರಿನಂಥ ಮುಚ್ಚಳ ಇದೆ. ಚರ್ಮದ ಮೇಲೆ ಅಚ್ಚು ಇಟ್ಟು ಜಾಗ ಗುರುತಿಸಿ, ಆ ಮುಚ್ಚಳವನ್ನು ಕೊರೆದು ಹಾಳು ಮಾಡದ ವಿಶೇಷ ಸೂಜಿ ಚುಚ್ಚಿ, ಮೊದಲು ಹಳೆಯ ಔಷಧವನ್ನೆಲ್ಲ ಹೊರಗೆಳೆಯುತ್ತಾರೆ. ಎಷ್ಟು ಬಂತು ಅಂತ ಅಳೆಯುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಗಳಿಗೆ ಇದೇ. ಮೇಲಿನ ಲೆಕ್ಕದಲ್ಲಿ 80ನೇ ದಿನ 4 ಮಿ.ಲೀ. ಉಳಿದಿರಬೇಕು. ಸಿರಿಂಜಿಗೆ 9 ಬಂದರೆ, 5 ಮಿ.ಲೀ. ಔಷಧ ಮೈಗೆ ಹೋಗಿಯೇ ಇಲ್ಲ. ನಳಿಕೆ ಮಡಚಿದೆಯೋ, ಮೋಟರ್ ನಿಂತು ನಿಂತು ಓಡುತ್ತಿದೆಯೋ, ಅದನ್ನು ಹುಡುಕಬೇಕು. ಅಳೆಯದೆ ಸುಮ್ನೆ ತುಂಬಿ ಕಳಿಸಿದರೆ ಈ ಸುಳಿವು ಸಿಂಕಿಗೆ ಹೋಗುತ್ತದೆ.

ಸೂಜಿ ತೊಟ್ಟಿಗೆ ಹೋಗದೆ ಪಕ್ಕದ ಮಾಂಸಕ್ಕೆ ಹೋದರೆ? ತಿಂಗಳುಗಟ್ಟಲೆ ಬರಬೇಕಾದ ಔಷಧ ಒಂದೇ ಸಲ ಮೈಗೆ ಇಳಿಯುತ್ತದೆ. ಇದರಿಂದ ಸಾವು ಸಂಭವಿಸಿದ್ದೂ ಇದೆ, 2011ರಲ್ಲಿ ಮೆಡ್‌ಟ್ರಾನಿಕ್ ಈ ಬಗ್ಗೆಯೇ ವೈದ್ಯರಿಗೆ ಎಚ್ಚರಿಕೆ ಕಳಿಸಿತ್ತು. ಯಂತ್ರ ಸರಿಯಾಗಿಯೇ ಇತ್ತು, ಎಡವಿದ್ದು ತುಂಬುವಾಗ.

ನಿಂತರೆ ಏನಾಗುತ್ತದೆ

ಡ್ರಿಪ್ಪಿನಲ್ಲಿ ಮೋಟರಿಗಿಂತ ಪೈಪೇ ಮೊದಲು ತೊಂದರೆ ಕೊಡುತ್ತದೆ, ಅಲ್ವಾ? ಇಲಿ ಕಡಿಯುತ್ತದೆ, ಮಡಚಿಕೊಳ್ಳುತ್ತದೆ, ಕಟ್ಟಿಕೊಳ್ಳುತ್ತದೆ. ಇಲ್ಲೂ ಡಬ್ಬಿಗಿಂತ ನಳಿಕೆಯ ರಗಳೆಯೇ ಜಾಸ್ತಿ. ಜಾರುತ್ತದೆ, ಬಿರುಕು ಬಿಡುತ್ತದೆ. ಮಾರ್ಫಿನ್ ಬಳಸುವವರಲ್ಲಿ ಕೆಲವೊಮ್ಮೆ ನಳಿಕೆಯ ತುದಿಯಲ್ಲಿ ಗಂಟು ಬೆಳೆದು ಬೆನ್ನುಹುರಿಯನ್ನು ಒತ್ತುವುದೂ ಉಂಟು.

ಬ್ಯಾಕ್ಲೊಫೆನ್ ದಿಢೀರ್ ನಿಂತರೆ ಅದು ಕಾಯಿಲೆ ಮರಳಿ ಬಂದಷ್ಟಕ್ಕೆ ಮುಗಿಯುವುದಿಲ್ಲ. ಒಂದರಿಂದ ಮೂರು ದಿನದಲ್ಲಿ ಜೋರು ಜ್ವರ, ಗಲಿಬಿಲಿ, ಮೊದಲಿಗಿಂತ ಹೆಚ್ಚಿನ ಸೆಟೆತ, ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು, ಕೆಲವರಲ್ಲಿ ಸಾವು. ಔಷಧದ ಮಾಹಿತಿ ಪತ್ರದಲ್ಲೇ ಈ ಎಚ್ಚರಿಕೆ ಚೌಕಟ್ಟು ಹಾಕಿ ಬರೆದಿರುತ್ತದೆ. ಶುರುವಿನ ಲಕ್ಷಣಗಳಲ್ಲಿ ಒಂದು ಏನು ಗೊತ್ತಾ? ಮೈ ಕೆರೆತ. ಗಂಧೆ ಇಲ್ಲ, ಸುಮ್ನೆ ಕೆರೆತ. ಊರ ದವಾಖಾನೆಗೆ ಹೋದರೆ ಅಲರ್ಜಿ ಗುಳಿಗೆ ಕೊಟ್ಟು ಮನೆಗೆ ಕಳಿಸುವುದು ಸಹಜ, ಪಂಪು ಇದೆ ಅನ್ನುವುದು ಅವರಿಗೆ ಗೊತ್ತಿಲ್ಲದಿದ್ದರೆ ಅವರದೂ ತಪ್ಪಿಲ್ಲ. ಮೈಯೊಳಗೆ ಪಂಪು ಇದೆ ಅಂತ ಬರೆದ ಕಾರ್ಡು ಜೇಬಿನಲ್ಲಿರಬೇಕು ಅನ್ನುವುದು ಇದಕ್ಕೇ.

ಹಾಗೇ ಎಂಆರ್‌ಐ. ಸಿಂಕ್ರೊಮೆಡ್‌ನಲ್ಲಿ ಸ್ಕ್ಯಾನಿನ ಅಯಸ್ಕಾಂತಕ್ಕೆ ಮೋಟರ್ ತಾತ್ಕಾಲಿಕವಾಗಿ ನಿಂತು ಆಮೇಲೆ ಶುರುವಾಗುತ್ತದೆ, ಶುರುವಾಯಿತೇ ಅಂತ ನೋಡಬೇಕು. ಪ್ರೊಮೆಟ್ರಾ ಅನ್ನುವ ಇನ್ನೊಂದು ಪಂಪಿನಲ್ಲಿ ಸ್ಕ್ಯಾನಿಗೆ ಮೊದಲು ತೊಟ್ಟಿಯನ್ನೇ ಖಾಲಿ ಮಾಡಬೇಕು. ಫಿಸಿಯೋಥೆರಪಿಯವರು ಯಂತ್ರದಲ್ಲಿ ಶಾಖ ಕೊಡುತ್ತಾರಲ್ಲ, ಡಯಾಥರ್ಮಿ, ಅದನ್ನು ಪಂಪಿನ ಹತ್ತಿರ ಕೊಡಿಸಲೇಬಾರದು.

ಕಂಪನಿ ಕೈಬಿಟ್ಟರೆ

ಇದು ಊಹೆಯ ಭಯವಲ್ಲ. ಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿದವರಿಗೆ ಲಿವರಿನ ರಕ್ತನಾಳಕ್ಕೇ ಔಷಧ ಬಿಡುವ ಕಾಡ್‌ಮನ್ 3000 ಅನ್ನುವ ಪಂಪಿತ್ತು. 2018ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಅದರ ತಯಾರಿಕೆ ನಿಲ್ಲಿಸಿತು. ಆಮೇಲೆ ಇಂಟೆರಾ ಅನ್ನುವ ಬೇರೆ ಕಂಪನಿ ಕೈಗೆತ್ತಿಕೊಂಡಿತು. ಹೊಟ್ಟೆಯೊಳಗೆ ಇಡುವ ಇನ್ಸುಲಿನ್ ಪಂಪೂ ಇತ್ತು. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಮಿ.ಲೀ.ಗೆ 40 ಯೂನಿಟ್, ಪೆನ್ನಿನದು 100. ಆ ಪಂಪಿಗೆ 400 ಯೂನಿಟ್‌ನ ಗಟ್ಟಿ ಇನ್ಸುಲಿನ್ ಬೇಕಿತ್ತು. ಫ್ರಾನ್ಸ್ ಮೊದಲಾದ ಯುರೋಪಿನ ದೇಶಗಳಲ್ಲಿ ಒಂದಿಷ್ಟು ಜನ ಬಳಸಿದರು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೇ ಸಿಗಲಿಲ್ಲ, ಕೊನೆಗೆ ತಯಾರಿಕೆಯೂ ನಿಂತಿತು. ಪಂಪು ಚೆನ್ನಾಗಿದ್ದರೂ ಕೊಳ್ಳುವವರು ಕಡಿಮೆ ಅನ್ನಿಸಿದರೆ ಕಂಪನಿ ಮುಂದಕ್ಕೆ ಹೋಗುತ್ತದೆ, ರೋಗಿ ಮಾತ್ರ ಅಲ್ಲೇ ಉಳಿಯುತ್ತಾನೆ.

ಯಂತ್ರದ ಗುಣಮಟ್ಟದ ತಕರಾರೂ ಇದೆ. 2015ರ ಏಪ್ರಿಲಿನಲ್ಲಿ ಅಮೆರಿಕ ಸರ್ಕಾರ ಕೋರ್ಟಿನ ಮೂಲಕ ಸಿಂಕ್ರೊಮೆಡ್ 2ರ ತಯಾರಿಕೆಗೆ ಬ್ರೇಕ್ ಹಾಕಿತು. ತೀರಾ ಬೇಕಾದ ರೋಗಿಗಳಿಗೆ ಮಾತ್ರ ಕೊಡಬಹುದು ಅಂತಾಯಿತು, ಎಷ್ಟೋ ಸುಧಾರಣೆಗಳಾದ ಮೇಲೆ ಆ ನಿರ್ಬಂಧ ಸಡಿಲವಾಯಿತು. 2018ರ ನವೆಂಬರಿನಲ್ಲಿ ಎಫ್‌ಡಿಎ ಇನ್ನೊಂದು ಮಾತು ಹೇಳಿತು: ನೋವಿಗೆ ಅಂತ ಒಪ್ಪಿಗೆ ಇಲ್ಲದ ಔಷಧ, ಕಲಸಿದ ಔಷಧಗಳನ್ನೆಲ್ಲ ಈ ಪಂಪುಗಳಿಗೆ ತುಂಬಬೇಡಿ.

ಹೌದು ಅನ್ನುವವರು, ಬೇಡ ಅನ್ನುವವರು

ಎರಡೂ ಕಡೆಯವರು ಕೈ ತೋರಿಸುವ ಅಧ್ಯಯನ ಒಂದೇ. 2002ರಲ್ಲಿ ಪ್ರಕಟವಾದದ್ದು, 202 ಕ್ಯಾನ್ಸರ್ ರೋಗಿಗಳ ಮೇಲೆ ನಡೆದದ್ದು. ಒಂದು ಗುಂಪಿಗೆ ಪಂಪಿನ ಜೊತೆ ಚಿಕಿತ್ಸೆ, ಇನ್ನೊಂದಕ್ಕೆ ಪಂಪಿಲ್ಲದೆ ಒಳ್ಳೆಯ ನೋವು ಚಿಕಿತ್ಸೆ. ಪಂಪಿನ ಗುಂಪಿನಲ್ಲಿ ನೂರಕ್ಕೆ ಸುಮಾರು 85 ಜನರಿಗೆ ಗುಣ ಕಂಡಿತು, ಇನ್ನೊಂದರಲ್ಲಿ ಸುಮಾರು 71. ಅಡ್ಡಪರಿಣಾಮಗಳು ಪಂಪಿನವರಲ್ಲಿ ಅರ್ಧಕ್ಕಿಳಿದವು. ನೋವಿನ ವೈದ್ಯರು ಹೇಳುವುದು, ನೋಡಿ, ವ್ಯತ್ಯಾಸ ಎದ್ದು ಕಾಣುತ್ತದೆ.

ಸಾರ್ವಜನಿಕ ಆರೋಗ್ಯದವರು ಅದೇ ಕಾಗದ ತಿರುಗಿಸಿ ಕೇಳುತ್ತಾರೆ: ಪಂಪಿಲ್ಲದೆಯೂ 71 ಜನಕ್ಕೆ ಗುಣವಾಯಿತಲ್ಲ, ಆ ಚಿಕಿತ್ಸೆ ನಮ್ಮ ತಾಲ್ಲೂಕಿನಲ್ಲಿ ಸಿಗುತ್ತದಾ? ನನಗೆ ಈ ಪ್ರಶ್ನೆ ಹೆಚ್ಚು ತೂಕದ್ದು ಅನ್ನಿಸುತ್ತದೆ. ಮಾರ್ಫಿನ್ ಗುಳಿಗೆ ದುಬಾರಿ ವಸ್ತುವೇ ಅಲ್ಲ. ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಬಿಗಿಯಿಂದ ದವಾಖಾನೆಗಳು ಅದನ್ನು ಇಡೋಕೇ ಹೆದರಿದವು. 2014ರ ತಿದ್ದುಪಡಿ ದಾರಿ ಸಲೀಸು ಮಾಡಿತು, ಮಾನ್ಯತೆ ಪಡೆದ ದವಾಖಾನೆ ಒಂದೇ ಕಡೆ ಅನುಮತಿ ತೆಗೆದುಕೊಂಡು ಮಾರ್ಫಿನ್ ಇಟ್ಟುಕೊಳ್ಳಬಹುದು. ಕಾಯ್ದೆ ಬದಲಾದಷ್ಟು ಬೇಗ ಭಯ ಹೋಗಲ್ಲ. ಪಂಪಿಗೆ ತುಂಬುವ ಮಾರ್ಫಿನ್ ಪ್ರಿಸರ್ವೇಟಿವ್ (ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದೇ ಆಗಬೇಕು, ಅದು ಇನ್ನೂ ಒಂದು ಮೆಟ್ಟಿಲು ಮೇಲೆ.

ಕ್ಯಾನ್ಸರಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ಬದುಕು ಮೂರು ತಿಂಗಳಿಗಿಂತ ಹೆಚ್ಚು ಅನ್ನುವ ಹಾಗಿದ್ದರೆ ಮಾತ್ರ ಒಳಗಿನ ಪಂಪು, ಇಲ್ಲದಿದ್ದರೆ ಬೆನ್ನಿಗೆ ನಳಿಕೆ ಹಾಕಿ ಹೊರಗಿನ ಪಂಪು ಸಾಕು ಅನ್ನುವುದು ಹಲವು ವೈದ್ಯರು ಪಾಲಿಸುವ ಅಂದಾಜು. ನಮ್ಮಲ್ಲಿ ಜನ ದವಾಖಾನೆಗೆ ಬರುವುದೇ ತಡವಾಗಿ, ಹಾಗಾಗಿ ಅಂಥವರಿಗೆ ದುಬಾರಿ ಪಂಪು ಹಾಕಿಸಿ ಮನೆಯವರನ್ನು ಸಾಲಕ್ಕೆ ನೂಕುವುದರಲ್ಲಿ ಅರ್ಥ ಕಾಣಲ್ಲ. ಕ್ಯಾನ್ಸರ್ ಅಲ್ಲದ ಹಳೆಯ ಬೆನ್ನುನೋವಿಗೆ ಪಂಪು ಹಾಕಿಸುವುದಕ್ಕಂತೂ ಇಷ್ಟು ಗಟ್ಟಿ ಪುರಾವೆ ಇಲ್ಲ.

ಸೆಟೆತದ ಮಕ್ಕಳ ವಿಷಯ ಮಾತ್ರ ಬೇರೆ. ಅವರ ಮುಂದೆ ಹತ್ತಾರು ವರ್ಷ ಇದೆ, ಪಂಪು ಹಾಕುವ ಮೊದಲೇ ಪರೀಕ್ಷೆ ಮಾಡಿ ನೋಡುವ ದಾರಿಯೂ ಇದೆ. ಬೆನ್ನಿಗೆ ಸೂಜಿಯಲ್ಲಿ 50 ಮೈಕ್ರೋಗ್ರಾಂ ಬ್ಯಾಕ್ಲೊಫೆನ್ ಕೊಟ್ಟು ಕೆಲವು ಗಂಟೆ ಕಾಯುತ್ತಾರೆ. ಕಾಲು ಸಡಿಲವಾಯಿತೋ ಇಲ್ಲವೋ ಅನ್ನುವುದನ್ನು ಮನೆಯವರೇ ಕಣ್ಣಾರೆ ನೋಡಬಹುದು. ಗುಣ ಕಾಣದಿದ್ದರೆ ಪ್ರಮಾಣ ಹೆಚ್ಚಿಸಿ ಮತ್ತೊಮ್ಮೆ ನೋಡುತ್ತಾರೆ, ಆಗಲೂ ಇಲ್ಲ ಅಂದರೆ ಪಂಪಿನ ಮಾತೇ ಬೇಡ.

ನಮ್ಮ ಮೂರು ಜಿಲ್ಲೆಗೆ ಇದರ ಅರ್ಥ

ಕಾನೂನು ಈಗ ಮೊದಲಿಗಿಂತ ಗಟ್ಟಿಯಾಗಿದೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ಕೆಳಗೆ ಬಂದಿವೆ. ಸಾಧನದಿಂದ ತೊಂದರೆಯಾದರೆ ವರದಿ ಮಾಡೋಕೆ 2015ರಿಂದ ರಾಷ್ಟ್ರೀಯ ವ್ಯವಸ್ಥೆಯೂ ಇದೆ. ಆದರೂ ಜಾನ್ಸನ್ ಅಂಡ್ ಜಾನ್ಸನ್‌ನ ದೋಷವಿದ್ದ ಕೃತಕ ಸೊಂಟದ ಕೀಲಿನ ಪ್ರಕರಣದಲ್ಲಿ ಏನಾಯಿತು? 2010ರಲ್ಲಿ ಜಗತ್ತಿನಾದ್ಯಂತ ಕೀಲು ವಾಪಸ್ ಪಡೆದರು, ಭಾರತದಲ್ಲಿ ಪರಿಹಾರದ ಸೂತ್ರ ಬಂದದ್ದು 2018ರಲ್ಲಿ, ಅದೂ ಆ ಒಂದು ಪ್ರಕರಣಕ್ಕೇ ಅಂತ ಮಾಡಿದ್ದು.

ಹಣದ ಕಡೆ ನೋಡಿದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ನಿರಾಮಯ ವಿಮೆಯಲ್ಲಿ 1 ಲಕ್ಷದವರೆಗೆ. ಆದರೆ ಆಯುಷ್ಮಾನ್‌ನಂಥ ಯೋಜನೆಗಳ ನಡೆ ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಹೊಂದಿಕೊಂಡಿದೆ. ಪಂಪು ತುಂಬುವುದು ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುವ ಕೆಲಸ. ಹೀಗಾಗಿ ಒಂದು ದಿನದ ಆಪರೇಷನ್ನಿಗೆ ಹೇಗೋ ದಾರಿ ಸಿಕ್ಕರೂ, ಏಳು ವರ್ಷದ ತುಂಬುವಿಕೆ ಕಿಸೆಯಿಂದಲೇ ಹೋಗುವ ಸಾಧ್ಯತೆ ಜಾಸ್ತಿ. ಹಣ ಇಲ್ಲದ ತಿಂಗಳು ಒಂದು ಸಲ ತಪ್ಪುತ್ತದೆ, ತಪ್ಪಿದರೆ ಮೇಲೆ ಹೇಳಿದ ಜ್ವರ ಮತ್ತು ಸೆಟೆತ.

ಬಗೆಹರಿಸೋಕೆ ದೊಡ್ಡ ಕಟ್ಟಡ ಬೇಕಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ವೈದ್ಯಕೀಯ ಕಾಲೇಜುಗಳಿವೆ, ಅಲ್ಲೆಲ್ಲ ಅರಿವಳಿಕೆ ವೈದ್ಯರಿದ್ದಾರೆ, ಬೆನ್ನಿಗೆ ಸೂಜಿ ಹಾಕುವುದು ಅವರಿಗೆ ದಿನದ ಕೆಲಸ. ಪಂಪು ಹಾಕುವುದು ದೊಡ್ಡ ಊರಿನಲ್ಲೇ ಆಗಲಿ. ತುಂಬೋಕೆ ಜಿಲ್ಲೆಗೆ ಇಬ್ಬರಿಗೆ ತರಬೇತಿ, ಒಂದು ಪ್ರೋಗ್ರಾಮರ್ ಯಂತ್ರ, ಸರಿಯಾದ ಸೂಜಿ, ಔಷಧದ ಅನುಮತಿ, ಇಷ್ಟಿದ್ದರೆ ಸಾವಿರ ಕಿಲೋಮೀಟರ್ ಮೂವತ್ತು ನಲವತ್ತಕ್ಕೆ ಇಳಿಯುತ್ತದೆ. ಅಡ್ಡಿ ಏನೆಂದರೆ ಪ್ರೋಗ್ರಾಮರ್ ಆಯಾ ಕಂಪನಿಯದೇ ಆಗಬೇಕು, ಹತ್ತು ರೋಗಿಗಳೂ ಇಲ್ಲದ ಜಿಲ್ಲೆಗೆ ಅದನ್ನು ಕೊಡೋಕೆ ಕಂಪನಿಗೆ ಲಾಭ ಕಾಣಲ್ಲ. ರೋಗಿಗಳಿಲ್ಲ ಅಂತ ಯಂತ್ರ ಬರಲ್ಲ, ಯಂತ್ರ ಇಲ್ಲ ಅಂತ ಜನ ಪಂಪು ಹಾಕಿಸಿಕೊಳ್ಳಲ್ಲ. ಈ ಗಂಟು ಬಿಚ್ಚೋಕೆ ಸರ್ಕಾರ ಟೆಂಡರಿನಲ್ಲೇ ಪಂಪಿನ ಜೊತೆ ಜಿಲ್ಲೆಯಲ್ಲಿ ತುಂಬುವ ವ್ಯವಸ್ಥೆಯನ್ನೂ ಕಂಪನಿಗೆ ಕಟ್ಟಿಹಾಕಬೇಕು.

ಅಲ್ಲಿಯವರೆಗೆ, ಸಹಿ ಹಾಕುವ ಮೊದಲು ಮನೆಯವರು ವೈದ್ಯರನ್ನು ಕೇಳಬೇಕಾದ್ದು ಇಷ್ಟು: "ಡಾಕ್ಟರೇ, ನಮ್ಮೂರ ಹತ್ತಿರ ಇದನ್ನ ತುಂಬೋರು ಯಾರು? ರಾತ್ರಿ ಬೀಪ್ ಅಂದರೆ ಯಾರಿಗೆ ಫೋನ್ ಮಾಡಬೇಕು? ಪಂಪು ನಿಂತರೆ ಬೆಂಗಳೂರು ಮುಟ್ಟೋವರೆಗೆ ಕೊಡೋಕೆ ಯಾವ ಗುಳಿಗೆ, ಎಷ್ಟು?" ಮೂರನೆಯ ಉತ್ತರವನ್ನು ಕಾಗದದಲ್ಲಿ ಬರೆಸಿಕೊಂಡು ಗುಳಿಗೆಯನ್ನು ಮನೆಯಲ್ಲಿ ತಂದಿಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಸಲ ತುಂಬಿದ ಮೇಲೆ ಮುಂದಿನ ಅಲಾರಂ ಯಾವ ದಿನ ಬರುತ್ತದೆ ಅನ್ನುವುದು ಪ್ರೋಗ್ರಾಮರ್ ಯಂತ್ರದ ಪ್ರಿಂಟಿನಲ್ಲೇ ಇರುತ್ತದೆ. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಪಕ್ಕದಲ್ಲೇ ದುಂಡಗೆ ಗುರುತು ಮಾಡಿ, ಎರಡು ವಾರ ಮೊದಲಿನ ಒಂದು ದಿನಕ್ಕೆ ರೈಲಿನ ಟಿಕೆಟ್ ತೆಗೆಸಿಡಿ. ದೀಪಾವಳಿ ಹೊತ್ತಿಗೆ ಬಿದ್ದರೆ ಇನ್ನೂ ಮೊದಲೇ ತೆಗೆಸಿ, ಆಗ ಬರ್ತ್ ಸಿಗೋದು ಕಷ್ಟ.